ಲೋಡರ್, ಬ್ಯಾಕ್‌ಹೋ ಸಹಿತ ಸಣ್ಣ ಟ್ರ್ಯಾಕ್ಟರ್: ನಾನು ಆಯ್ದುಕೊಂಡ ಬಗೆ

ಸಣ್ಣ ಟ್ರ್ಯಾಕ್ಟರ್ ಕೊಳ್ಳಲು ಹೊರಟಾಗ ಎಲ್ಲರಂತೆ ನಾನೂ ಮೊದಲು ನೋಡಿದ್ದು ಎಂಜಿನ್ನಿನ ಎಚ್‌ಪಿಯನ್ನು. ಮುಂದೆ ಬಕೆಟ್ಟಿನಲ್ಲಿ ಮಣ್ಣು ತುಂಬಿ ಎತ್ತುವ ಲೋಡರ್, ಹಿಂದೆ ನೆಲ ಅಗೆಯುವ ತೋಳಾದ ಬ್ಯಾಕ್‌ಹೋ ಎರಡನ್ನೂ ಹೊರಬೇಕಾದ ಯಂತ್ರದಲ್ಲಿ ತೂಕ, ಅವೆರಡನ್ನೂ ಎಣ್ಣೆಯ ಒತ್ತಡದಿಂದ ಆಡಿಸುವ ಹೈಡ್ರಾಲಿಕ್ ಪಂಪು ಮತ್ತು ಹಿಂಭಾಗವನ್ನು ಯಾವ ಕೆಲಸಕ್ಕೆ ಬಿಟ್ಟುಕೊಡಬೇಕು ಎಂಬ ಪ್ರಶ್ನೆ, ಈ ಮೂರೂ ಎಚ್‌ಪಿಗಿಂತ ಮೊದಲು ಬರುತ್ತವೆ ಎಂಬುದು ಅರಿವಿಗೆ ಬರಲು ಕೆಲವು ತಿಂಗಳು ಹಿಡಿಯಿತು.

ಯಂತ್ರಗಳನ್ನು ನೋಡುವುದಕ್ಕೆ ಮುಂಚೆ ಹಿಂದಿನ ಒಂದು ವರ್ಷದ ಕೆಲಸಗಳನ್ನು ನೆನಪಿಸಿಕೊಂಡು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಗೊಬ್ಬರ ಸಾಗಿಸುವುದು, ಮಣ್ಣು ಹರಡುವುದು, ದಾರಿಗೆ ಜಲ್ಲಿ ಹಾಕುವುದು ಹೆಚ್ಚುಕಡಿಮೆ ಪ್ರತಿ ವಾರವೂ ಇದ್ದ ಕೆಲಸಗಳು. ಅಗೆತ ಮಾತ್ರ ಇಡೀ ವರ್ಷದಲ್ಲಿ ಹನ್ನೆರಡು ದಿನಗಳನ್ನು ದಾಟಿರಲಿಲ್ಲ. ಆ ಹನ್ನೆರಡು ದಿನಗಳು ಒಟ್ಟಿಗೆ ಬಂದಿದ್ದರೆ ಬಾಡಿಗೆಗೆ ಅಗೆಯುವ ಯಂತ್ರವನ್ನು ತರಿಸಿ ಕೆಲಸ ಮುಗಿಸುವುದೇ ಜಾಣತನವಾಗುತ್ತಿತ್ತು; ಅಂಥ ಸ್ಥಿತಿಯಲ್ಲಿರುವವರಿಗೆ ನಾನು ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ನನ್ನ ಅಗೆತ ಬಿಡಿಬಿಡಿಯಾಗಿತ್ತು. ಒಂದು ದಿನ ಒಡೆದ ಪೈಪು, ಇನ್ನೊಂದು ದಿನ ಹೂಳು ತುಂಬಿದ ಕಾಲುವೆ, ಮತ್ತೊಮ್ಮೆ ಕೀಳಬೇಕಾದ ಮರದ ಬೊಡ್ಡೆ. ಎರಡು ಗಂಟೆಯ ಕೆಲಸಕ್ಕಾಗಿ ಪ್ರತಿ ಸಲವೂ ಬೇರೆಯವರ ಯಂತ್ರಕ್ಕೆ ಕಾಯುವುದು ಬೇಸರ ತರಿಸಿದ್ದರಿಂದಲೇ ಬ್ಯಾಕ್‌ಹೋ ನನ್ನ ಪಟ್ಟಿಗೆ ಸೇರಿತು.

ಲೋಡರ್ ಎಷ್ಟು ಭಾರ ಎತ್ತುತ್ತದೆ ಎಂಬ ಅಂಕಿಯನ್ನು ಓದುವುದರಲ್ಲಿ ನಾನು ಮೊದಲು ಎಡವಿದ್ದೆ. ಆ ಅಂಕಿಯನ್ನು ಬಕೆಟ್ ತಿರುಗುವ ಪಿನ್ನಿನ ಬಳಿ ಅಳೆದಿದ್ದರೆ ಒಂದು ಲೆಕ್ಕ, ಅದಕ್ಕಿಂತ 500 ಮಿಲಿಮೀಟರ್ ಮುಂದೆ ಅಳೆದಿದ್ದರೆ ಇನ್ನೊಂದು ಲೆಕ್ಕ. ಹೊರೆ ನಿಜವಾಗಿ ಕೂರುವುದು ಮುಂದೆಯೇ ಆದ್ದರಿಂದ ಎರಡನೆಯ ಅಂಕಿಯೇ ನಮಗೆ ಬೇಕಾದದ್ದು, ಮತ್ತು ಅದು ಯಾವಾಗಲೂ ಚಿಕ್ಕದು. ಹಸಿ ಮಣ್ಣು ಘನ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ ಎಂದಿಟ್ಟುಕೊಂಡರೆ 0.3 ಘನ ಮೀಟರಿನ ಬಕೆಟ್ ತುಂಬಿದಾಗ ಮಣ್ಣೇ 540 ಕಿಲೋ ಆಗುತ್ತದೆ, ಬಕೆಟ್ಟಿನ ಸ್ವಂತ ತೂಕ ಬೇರೆ. ದೊಡ್ಡ ಬಕೆಟ್ ಸಿಗುತ್ತದೆಂದು ಹಿಗ್ಗಿದ್ದ ನಾನು ಈ ಲೆಕ್ಕ ಹಾಕಿದ ಮೇಲೆ ಒಂದು ಅಳತೆ ಚಿಕ್ಕದನ್ನೇ ಆರಿಸಿಕೊಂಡೆ.

ತೂಕದ ಪಾಠವನ್ನು ಕಲಿಸಿದ್ದು ಲೆಕ್ಕವಲ್ಲ, ಚಲಾಯಿಸಿ ನೋಡಿದ ಒಂದು ಹಗುರ ಟ್ರ್ಯಾಕ್ಟರು. ಹಿಂದೆ ಏನನ್ನೂ ಕಟ್ಟದೆ ಹಸಿ ಮಣ್ಣನ್ನು ತುಂಬಿ, ಬಕೆಟ್ಟನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ನಿಧಾನವಾಗಿ ಎಡಕ್ಕೆ ತಿರುಗಿಸುತ್ತಿದ್ದಾಗ ಸೀಟು ಒಮ್ಮೆಲೇ ವಾಲಿದಂತಾಯಿತು; ತಿರುಗಿ ನೋಡಿದರೆ ಹಿಂದಿನ ಒಂದು ಚಕ್ರ ನೆಲ ಬಿಟ್ಟು ನಾಲ್ಕು ಬೆರಳು ಮೇಲಿತ್ತು. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತೂಗುವುದರಿಂದ ಯಂತ್ರ ಪಕ್ಕಕ್ಕೆ ಉರುಳದಂತೆ ಹಿಡಿದಿಡುವುದು ಮುಖ್ಯವಾಗಿ ಹಿಂದಿನ ಚಕ್ರಗಳೇ. ಸಾಲದ್ದಕ್ಕೆ ಸಣ್ಣ ಟ್ರ್ಯಾಕ್ಟರುಗಳಲ್ಲಿ ಅನೇಕವಕ್ಕೆ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ, ಆದ್ದರಿಂದ ಅವು ಹಗುರವಾದರೆ ಇಳಿಜಾರಿನಲ್ಲಿ ಬ್ರೇಕು ಇದ್ದೂ ಇಲ್ಲದಂತೆ. ತಕ್ಷಣ ಬಕೆಟ್ಟನ್ನು ಇಳಿಸಿ, ಕೈ ನಡುಕ ನಿಲ್ಲುವವರೆಗೆ ಸುಮ್ಮನೆ ಕುಳಿತಿದ್ದೆ. ನಾಲ್ಕು ಚಕ್ರದ ಚಾಲನೆ, ತಲೆಯ ಮೇಲೆ ರಕ್ಷಣಾ ಚೌಕಟ್ಟು, ಸೀಟ್ ಬೆಲ್ಟು ಮತ್ತು ಹಿಂದೆ ಭಾರ ಇಲ್ಲದ ಲೋಡರನ್ನು ಆ ದಿನದಿಂದ ನಾನು ಪರಿಗಣಿಸಲೇ ಇಲ್ಲ. ಬ್ಯಾಕ್‌ಹೋ ಜೋಡಿಸಿದ್ದಾಗ ಅದೇ ಹಿಂಭಾರವಾಗುತ್ತದೆ. ಅದನ್ನು ಕಳಚಿದಾಗ, ಹಿಂದೆ ಉಪಕರಣಗಳನ್ನು ಸಿಕ್ಕಿಸುವ ಮೂರು ತೋಳಿನ ಜೋಡಣೆಯಾದ ತ್ರೀ ಪಾಯಿಂಟ್ ಲಿಂಕೇಜಿಗೆ ಕಾಂಕ್ರೀಟ್ ತುಂಬಿದ ಪೆಟ್ಟಿಗೆಯೊಂದನ್ನು ಸಿಕ್ಕಿಸುತ್ತೇನೆ.

ಬ್ಯಾಕ್‌ಹೋವನ್ನು ಲಿಂಕೇಜಿಗೇ ನೇತುಹಾಕುವ ಬಗೆಯೂ ಇದೆ. ಅದು ಸುಲಭವೆಂದು ಕಂಡರೂ, ಅಗೆಯುವ ಎಳೆತವೆಲ್ಲ ಲಿಂಕೇಜಿನ ಮೂಲಕ ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಎಂಜಿನ್ನಿನಿಂದ ಹಿಂದಿನ ಆಕ್ಸಲ್‌ವರೆಗೆ ಉದ್ದಕ್ಕೂ ಹಾದು ಲೋಡರಿನ ಕಂಬಗಳನ್ನು ಸೇರುವ ಚೌಕಟ್ಟು, ಅಂದರೆ ಸಬ್‌ಫ್ರೇಮ್ ಇರುವುದನ್ನೇ ನಾನು ತೆಗೆದುಕೊಂಡೆ. ಅಗೆತದ ಆಳದ ಅಂಕಿಯನ್ನೂ ಕೇಳಿ ತಿಳಿಯಬೇಕು, ಏಕೆಂದರೆ ತುದಿ ಮುಟ್ಟುವ ಗರಿಷ್ಠ ಆಳ ಒಂದು, ತಳ ಸಮತಟ್ಟಾಗಿ ಸಿಗುವ ಆಳ ಅದಕ್ಕಿಂತ ಕಡಿಮೆ. ನನಗೆ ಬೇಕಾಗಿದ್ದದ್ದು ಒಂದು ಮೀಟರ್ ಒಳಗಿನ ಪೈಪಿನ ಸಾಲು ಮಾತ್ರ. ಎರಡೂವರೆ ಮೀಟರ್ ಅಗೆಯುವ ತೋಳಿಗಾಗಿ ಇನ್ನಷ್ಟು ದೊಡ್ಡ ಟ್ರ್ಯಾಕ್ಟರ್ ಕೊಳ್ಳುವುದು ನನಗೆ ವ್ಯರ್ಥವೆನಿಸಿತು.

ಎಚ್‌ಪಿಯ ವಿಷಯವನ್ನು ಒಂದು ಸರಳ ಗುಣಾಕಾರ ಬಗೆಹರಿಸಿತು. ಪಂಪು ನಿಮಿಷಕ್ಕೆ 30 ಲೀಟರ್ ಎಣ್ಣೆಯನ್ನು 170 ಬಾರ್ ಒತ್ತಡದಲ್ಲಿ ಕೊಟ್ಟರೆ ಅದು ಸುಮಾರು 8.5 ಕಿಲೋವ್ಯಾಟ್, ಅಂದರೆ ಹನ್ನೊಂದು, ಹನ್ನೆರಡು ಎಚ್‌ಪಿ. ಇಪ್ಪತ್ತೈದು ಎಚ್‌ಪಿಯ ಎಂಜಿನ್ನಿಗೆ ಅದು ಹೊರೆಯೇ ಅಲ್ಲ. ಎಣ್ಣೆಯ ಹರಿವು ಕಡಿಮೆಯಿದ್ದರೆ ಎಂಥ ಎಂಜಿನ್ ಇದ್ದರೂ ತೋಳು ಆಮೆಯಂತೆ ತೆವಳುತ್ತದೆ. ಹೆಚ್ಚಿನ ಎಚ್‌ಪಿ ಬೇಕಾಗುವುದು ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ತಿರುಗುವ ದಂಡ) ಮೂಲಕ, ಮಣ್ಣು ಪುಡಿಮಾಡುವ ರೋಟವೇಟರಿನಂಥದ್ದನ್ನು ಓಡಿಸುವವರಿಗೆ, ಅಲ್ಲಿಯೂ ಎಂಜಿನ್ ಎಚ್‌ಪಿಗಿಂತ ಪಿಟಿಒ ಎಚ್‌ಪಿಯನ್ನೇ ನೋಡಬೇಕು. ಲೋಡರ್ ಕೆಲಸವೆಂದರೆ ನಿಮಿಷಕ್ಕೆ ಹಲವು ಬಾರಿ ಹಿಂದೆ ಮುಂದೆ ಓಡಾಡುವುದು. ಕ್ಲಚ್ ತುಳಿದು ಗೇರ್ ಬದಲಿಸುತ್ತ ಅರ್ಧ ದಿನ ದುಡಿದರೆ ಎಡಗಾಲು ಸೋತುಹೋಗುತ್ತದೆ. ಸ್ವಲ್ಪ ಶಕ್ತಿ ನಷ್ಟವಾದರೂ ಚಿಂತೆಯಿಲ್ಲವೆಂದು ಗೇರ್ ಬದಲಿಸದೆ ಪಾದದಿಂದ ಒತ್ತಿಯೇ ಹಿಂದೆ ಮುಂದೆ ಓಡಿಸಬಲ್ಲ ಹೈಡ್ರೋಸ್ಟ್ಯಾಟಿಕ್ ಪೆಡಲ್ ಇರುವುದನ್ನು ಆರಿಸಿದೆ. ಟೈರುಗಳಲ್ಲಿ ಲೋಡರ್ ಕೆಲಸಕ್ಕೆ ಹೊಂದುವ ಆರ್‌4 ಬಗೆಯವು ನನಗೆ ಒಗ್ಗಿದವು, ಆದರೆ ಕೆಸರಿನಲ್ಲಿ ಉಳುವವರಿಗೆ ಆಳವಾದ ಹಲ್ಲುಗಳ ಆರ್‌1 ಬೇಕೇ ಬೇಕು.

ಬ್ಯಾಕ್‌ಹೋ ಜೋಡಿಸಿದ್ದರೆ ಹಿಂದೆ ಬೇರೇನನ್ನೂ ಕಟ್ಟಲಾಗದ ಕಾರಣ ಅದನ್ನು ಕಳಚಿ ಜೋಡಿಸುವ ಕೆಲಸವನ್ನು ಕೊಳ್ಳುವ ಮುಂಚೆಯೇ ನನ್ನ ಕೈಯಿಂದ ಒಮ್ಮೆ ಮಾಡಿ ನೋಡಿದ್ದೆ. ಆದರೂ ಮನೆಗೆ ತಂದ ಮೊದಲ ತಿಂಗಳಲ್ಲೇ ಸಿಕ್ಕಿಬಿದ್ದೆ. ಕಳಚಿ ಬಿಸಿಲಿನಲ್ಲಿ ನಿಲ್ಲಿಸಿದ್ದ ಬ್ಯಾಕ್‌ಹೋವನ್ನು ಮರುದಿನ ಜೋಡಿಸಲು ಹೋದರೆ ಪಿನ್ನುಗಳು ಸಲೀಸಾಗಿ ಕುಳಿತವು, ಎಣ್ಣೆ ಕೊಳವೆಯನ್ನು ಟ್ರ್ಯಾಕ್ಟರಿಗೆ ಜೋಡಿಸುವ ಕಪ್ಲರ್ ಮಾತ್ರ ಎಷ್ಟು ಒತ್ತಿದರೂ ಒಳಗೆ ಹೋಗಲಿಲ್ಲ. ಕೊಳವೆಯಲ್ಲಿ ಉಳಿದಿದ್ದ ಎಣ್ಣೆ ಬಿಸಿಲಿಗೆ ಹಿಗ್ಗಿ ಒತ್ತಡ ತುಂಬಿಕೊಂಡಿತ್ತು. ಸಂಜೆ ತಂಪಾದ ಮೇಲೆ ಒಂದೇ ಒತ್ತಿಗೆ ಕ್ಲಿಕ್ ಎಂದು ಕುಳಿತಿತು. ಈಗ ತೋಳನ್ನು ನೆಲಕ್ಕೆ ತಾಗಿಸಿ, ಎಂಜಿನ್ ಆರಿಸಿ, ಎಲ್ಲ ಲಿವರುಗಳನ್ನೂ ಎರಡೆರಡು ಬಾರಿ ಆಡಿಸಿ ಒತ್ತಡ ಇಳಿಸಿದ ಮೇಲೆಯೇ ಕಪ್ಲರ್ ಬಿಚ್ಚುತ್ತೇನೆ, ಕಳಚಿದ ಬ್ಯಾಕ್‌ಹೋವನ್ನು ನೆರಳಿನಲ್ಲಿ ಸಮತಟ್ಟಾದ ಹಲಗೆಯ ಮೇಲೆ ನಿಲ್ಲಿಸುತ್ತೇನೆ.