ಪುಣೆಯಲ್ಲಿ ಮನೆ ಹಿಡಿಯುವ ಮುನ್ನ ನೆಲವನ್ನೂ ವಿಚಾರಿಸಿ

ಪುಣೆಗೆ ಬಂದ ನಮ್ಮವರು ಮನೆ ಹುಡುಕುವಾಗ ನೀರು, ಬಸ್ಸು, ಶಾಲೆ ಎಲ್ಲವನ್ನೂ ವಿಚಾರಿಸುತ್ತಾರೆ. ಭೂಕಂಪದ ಮಾತೆತ್ತಿದರೆ ‘ಇಲ್ಲಿಯೂ ಆಗುತ್ತದೆಯೇ?’ ಎಂದು ಹುಬ್ಬೇರಿಸುತ್ತಾರೆ. ಆಗುತ್ತದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟಿನ ಬಳಿ ಭೂಮಿ ನಡುಗಿದಾಗ ಪರಿಮಾಣ 6.3. ಸುಮಾರು 180 ಜನ ಸತ್ತರು. ಪುಣೆ, ಮುಂಬೈಗಳೂ ಅಲುಗಿದವು. ಜಲಾಶಯ ತುಂಬತೊಡಗಿದಾಗ ಅದರ ಭಾರ ಮತ್ತು ಬಿರುಕುಗಳಿಗೆ ಇಳಿದ ನೀರಿನ ಒತ್ತಡ ಮೊದಲೇ ಬಿಗಿದುಕೊಂಡಿದ್ದ ಬಂಡೆಯನ್ನು ಜಾರಿಸಿದವು ಎಂಬುದು ವಿಜ್ಞಾನಿಗಳ ವಿವರಣೆ. ಅಲ್ಲಿ ಸಣ್ಣ ಕಂಪನಗಳು ಇಂದಿಗೂ ನಿಂತಿಲ್ಲ.

ಕಲಬುರಗಿ, ಬೀದರ ಕಡೆಯವರಿಗೆ 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಾದ ಭೂಕಂಪವನ್ನು ನೆನಪಿಸಬೇಕಿಲ್ಲ. ಪರಿಮಾಣ ಹೆಚ್ಚುಕಡಿಮೆ ಕೊಯ್ನಾದಷ್ಟೇ. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ಹೊತ್ತ ಮಾಳಿಗೆ, ಒಳಗೆ ನಿದ್ದೆಯಲ್ಲಿದ್ದ ಜನ. ನಮ್ಮ ಅಜ್ಜಂದಿರ ಮನೆಗಳೂ ಹಾಗೆಯೇ ಇದ್ದವಲ್ಲವೇ?

ಪರಿಮಾಣವೆಂದರೆ ಭೂಗರ್ಭದಲ್ಲಿ ಬಿಡುಗಡೆಯಾದ ಶಕ್ತಿಯ ಅಳತೆ. ಒಂದು ಕಂಪನಕ್ಕೆ ಒಂದೇ ಸಂಖ್ಯೆ. ತೀವ್ರತೆಯೆಂದರೆ ಒಂದು ಜಾಗದಲ್ಲಿ ಅಲುಗಾಟ ಎಷ್ಟು ಜೋರು ಎಂಬುದು. ಅದು ಊರೂರಿಗೆ, ಓಣಿಯಿಂದ ಓಣಿಗೆ ಬೇರೆ. 2002ರ ಭಾರತೀಯ ಮಾನಕದ ನಕ್ಷೆ ಪುಣೆಯನ್ನೂ ಮುಂಬೈಯನ್ನೂ ಮೂರನೆಯ ವಲಯಕ್ಕೆ, ಕೊಯ್ನಾವನ್ನು ನಾಲ್ಕನೆಯದಕ್ಕೆ ಸೇರಿಸಿತು. ವಲಯದ ಸಂಖ್ಯೆ ಏರಿದಷ್ಟೂ ಭೂಕಂಪದ ಅಪಾಯ ಹೆಚ್ಚು. ಬಿಲ್ಡರುಗಳು ‘ಮೂರನೆಯ ವಲಯ, ಚಿಂತೆಯಿಲ್ಲ’ ಎಂದು ಮಾತು ಮುಗಿಸುತ್ತಾರೆ. ನನಗೆ ಅದು ಅರ್ಧ ಉತ್ತರ. ಇಡೀ ನಗರಕ್ಕೆ ಕೊಟ್ಟ ಆ ಸಂಖ್ಯೆ ನಿಮ್ಮ ಪಾಯದ ಕೆಳಗೇನಿದೆ ಎಂದು ಹೇಳುವುದಿಲ್ಲ. ಗುಡ್ಡದ ಮಗ್ಗುಲಲ್ಲಿ ಕೆಲವೇ ಅಡಿಗೆ ಕರಿಕಲ್ಲು ಸಿಗುತ್ತದೆ. ಮುಳಾ, ಮುಠಾ ನದಿಗಳ ದಂಡೆಯಲ್ಲಿ ಮೆಕ್ಕಲು ಮಣ್ಣಿದೆ. ಹಳ್ಳ ಮುಚ್ಚಿ ಎಬ್ಬಿಸಿದ ಬಡಾವಣೆಗಳಲ್ಲಿ ಭರ್ತಿ ಮಣ್ಣು. ಸಡಿಲ ನೆಲದಲ್ಲಿ ಅಲೆಯ ವೇಗ ತಗ್ಗಿ ಅಲುಗಾಟ ಹಿಗ್ಗುತ್ತದೆ. ಮುಂಬೈಯಲ್ಲಿ ಸಮುದ್ರ ತುಂಬಿಸಿ ಮಾಡಿದ ನೆಲಕ್ಕೂ ಇದೇ ಮಾತು. ಆದ್ದರಿಂದ ಮಣ್ಣು ಪರೀಕ್ಷೆಯ ವರದಿಯನ್ನು ಸಂಕೋಚವಿಲ್ಲದೆ ಕೇಳಿ.

ದೂರದಲ್ಲಿದ್ದೇವೆಂಬ ಧೈರ್ಯವೂ ಸಾಲದು. ದೂರ ಹೋದಂತೆ ಚುರುಕು ಕಂಪನಗಳು ಸವೆಯುತ್ತವೆ, ನಿಧಾನದ ತೂಗಾಟ ಉಳಿಯುತ್ತದೆ. ಎತ್ತರದ ಕಟ್ಟಡದ ಲಯವೂ ನಿಧಾನದ್ದೇ. ಎರಡೂ ಕೂಡಿದರೆ ತೂಗಾಟ ಬೆಳೆಯುತ್ತದೆ. 2001ರ ಜನವರಿ 26ರಂದು ಭುಜ್ ಬಳಿ ಭೂಮಿ ಕಂಪಿಸಿದಾಗ 200 ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಹಲವಕ್ಕೆ ಕೆಳಗಡೆ ಗೋಡೆಯೇ ಇರಲಿಲ್ಲ, ವಾಹನ ನಿಲ್ಲಿಸಲು ಬಿಟ್ಟ ಬರಿಯ ಕಂಬಗಳು. ಪುಣೆಯ ಯಾವ ಓಣಿಗೆ ಹೋದರೂ ಅಂಥದೇ ಪಾರ್ಕಿಂಗ್ ಕಾಣುತ್ತದೆ. ಕಂಬಗಳನ್ನು ಅದಕ್ಕೆಂದೇ ಗಟ್ಟಿ ಮಾಡಿದ್ದರೆ ಸರಿ. ಕಬ್ಬಿಣವನ್ನು ಭೂಕಂಪದ ಮಾನಕದಂತೆ ಕಟ್ಟಿದ್ದಾರೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರನ್ನೇ ಕೇಳಬೇಕು.

ಹಳೆಯ ಕಟ್ಟಡವಾದರೆ ಸೊಸೈಟಿಯ ಕಾರ್ಯದರ್ಶಿಯಿಂದ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆಯ ವರದಿ ಪಡೆಯಿರಿ. ನಾವಿದ್ದ ಒಂದು ಸೊಸೈಟಿಯಲ್ಲಿ ಕೆಳಗಿನ ಮನೆಯವರು ಅಡುಗೆಮನೆ ದೊಡ್ಡದಾಗಲೆಂದು ಬೀಮನ್ನೇ ಕೆತ್ತಿಸಿದ್ದರು. ಮೇಲೆ ಮೂರು ಕುಟುಂಬಗಳು ಮಲಗುತ್ತಿದ್ದವು. ಇಂದಿಗೂ ನನ್ನ ಸಿಟ್ಟು ಇಳಿದಿಲ್ಲ.

ಬಾಡಿಗೆಯವರು ಕಂಬ ಬದಲಿಸಲಾಗದು, ನಿಜ. ಆದರೆ ಕಪಾಟನ್ನು ಗೋಡೆಗೆ ಬಿಗಿಯಬಹುದು, ಮಂಚದ ಮೇಲಿನ ಅಟ್ಟದಿಂದ ಹಿತ್ತಾಳೆ ಹಂಡೆ ಇಳಿಸಬಹುದು. ನಡುಗುವಾಗ ಮೆಟ್ಟಿಲಿಗೆ ಓಡಬೇಡಿ, ಲಿಫ್ಟ್ ಹತ್ತಬೇಡಿ. ಗಟ್ಟಿ ಮೇಜಿನ ಕೆಳಗೆ ಕುಳಿತು ತಲೆ ಕಾಯ್ದುಕೊಳ್ಳಿ. ಕಂಪನ ನಿಂತ ಮೇಲೆ ಗ್ಯಾಸ್ ಆರಿಸಿ, ಪಕ್ಕದ ಮನೆಯ ಅಜ್ಜಿಯನ್ನು ಕೈಹಿಡಿದು ಕೆಳಗಿಳಿಸಿ.