ಕೊಪ್ಪಳದ ಬಿಸಿಲಿಗೆ ತಕ್ಕ ಕಾರ್ ಶೆಡ್ಡು: ನಿವೃತ್ತಿಯಾಗಿ ಊರಿಗೆ ಬಂದವರು ಮನೆಯಲ್ಲೇ ವರ್ಕ್‌ಶಾಪ್ ಮಾಡಿಕೊಳ್ಳುವ ಬಗೆ

ಬೆಂಗಳೂರಲ್ಲೋ ಮಂಗಳೂರಲ್ಲೋ ನೌಕರಿ ಮುಗಿಸಿ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮನೆ ಮಾಡಿದವರಲ್ಲಿ ಅನೇಕರಿಗೆ ಕಾರ್ ಶೆಡ್ಡಿನಲ್ಲಿ ಒಂದು ವರ್ಕ್‌ಶಾಪ್ ಇರಲಿ ಅನ್ನುವ ಆಸೆ. ಆಸೆ ಬಂದ ವಾರದಲ್ಲೇ ಡ್ರಿಲ್ಲು, ಗ್ರೈಂಡರು, ಕಟರು ಮನೆಗೆ ಬಂದಿರುತ್ತವೆ. ಅದು ಕೊನೆಗೆ ಮಾಡಬೇಕಾದ ಖರ್ಚು. ಈ ಸೀಮೆಯಲ್ಲಿ ವರ್ಕ್‌ಶಾಪ್ ಹಾಳಾಗುವುದು ಎರೆ ನೆಲದಿಂದ, ನಲವತ್ತು ಡಿಗ್ರಿ ದಾಟುವ ಬಿಸಿಲಿನಿಂದ, ಧೂಳಿನಿಂದ, ಏರಿಳಿಯುವ ಕರೆಂಟಿನಿಂದ. ಈ ನಾಲ್ಕಕ್ಕೂ ಬಂದೋಬಸ್ತು ಮಾಡಿ, ಆಮೇಲೆ ಸಾಮಾನು ತನ್ನಿ.

ಕೆಳಗಿನ ಲೆಕ್ಕವೆಲ್ಲ 10 ಅಡಿ ಅಗಲ, 18 ಅಡಿ ಉದ್ದದ ಶೆಡ್ಡಿಗೆ. ಅಂದರೆ ಹೆಚ್ಚೂಕಡಿಮೆ 3 ಮೀಟರ್‌ಗೆ 5.5 ಮೀಟರ್. ಕಾರೂ ಅಲ್ಲೇ ನಿಲ್ಲಬೇಕಾದರೆ, 4 ಮೀಟರ್ ಉದ್ದದ ಸಣ್ಣ ಕಾರು ನಿಂತ ಮೇಲೆ ಹಿಂದಿನ ಗೋಡೆ ಕಡೆ 1.5 ಮೀಟರ್ ಉಳಿಯುತ್ತದೆ. 60 ಸೆಂಟಿಮೀಟರ್ ಬೆಂಚಿಗೆ, 90 ಸೆಂಟಿಮೀಟರ್ ನಿಂತು ತಿರುಗಾಡಲಿಕ್ಕೆ. ಅಷ್ಟು ಸಾಕು. ಆದರೆ ಗ್ರೈಂಡರ್, ವೆಲ್ಡಿಂಗ್ ಕೆಲಸವಿದ್ದ ದಿನ ಕಾರು ಹೊರಗಿರಲೇಬೇಕು. ಕಿಡಿ ಗಾಜಿನ ಮೇಲೆ ಬಿದ್ದರೆ ಅಲ್ಲೇ ಕರಗಿ ಕೂರುತ್ತದೆ, ಬಣ್ಣದ ಮೇಲೆ ಬಿದ್ದರೆ ತುಕ್ಕಿನ ಚುಕ್ಕೆಯಾಗುತ್ತದೆ. ಪೆಟ್ರೋಲ್ ಆವಿಯ ಮಾತಂತೂ ಹೇಳುವುದೇ ಬೇಡ.

ನೆಲ

ಮನೆ ಕೆಂಪು ಮಣ್ಣಿನ ಮೇಲಿದ್ದರೆ ಈ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು. ಎರೆ ನೆಲವಾದರೆ, ಅದರಲ್ಲೂ ಗಂಗಾವತಿ, ಸಿಂಧನೂರಿನಂಥ ನೀರಾವರಿ ಸೀಮೆಯಾದರೆ, ನಿಧಾನವಾಗಿ ಓದಿ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಕಾಂಕ್ರೀಟು ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕೆಳಗೆ ಪೊಳ್ಳು ಬೀಳುತ್ತದೆ, ನಡುವೆ ಸೀಳುತ್ತದೆ. ಸಿಮೆಂಟ್ ಹೆಚ್ಚು ಸುರಿದರೆ ಇದು ನಿಲ್ಲುವುದಿಲ್ಲ, ಮಣ್ಣನ್ನೇ ಬದಲಿಸಬೇಕು. 13 ಇಂಚು ಅಗೆದು ಎರೆ ತೆಗೆಯಿರಿ. 9 ಇಂಚು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತುಂಬಿಸಿ. ಒಂದೇ ಸಲಕ್ಕೆ ಸುರಿಯದೆ, 4-5 ಇಂಚಿನ ಪದರಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸು ಹೊಡೆಸಬೇಕು. ದಿಮ್ಮಸು ಹೊಡೆದ ಮೇಲೆ 135 ಘನ ಅಡಿ ನಿಲ್ಲಬೇಕಾದ್ದರಿಂದ ಸಡಿಲ ಗರಸು 175 ಘನ ಅಡಿಯಷ್ಟು ತರಿಸಿ. ಮೇಲೆ 4 ಇಂಚು ಕಾಂಕ್ರೀಟು, 1:2:4 ಹದ (ಸಿಮೆಂಟ್, ಮರಳು, ಜಲ್ಲಿ). ಅದಕ್ಕೆ ಸುಮಾರು 11 ಚೀಲ ಸಿಮೆಂಟ್ ಬೇಕು. ಬಾಗಿಲ ಕಡೆಗೆ 2 ಇಂಚು ಇಳಿಜಾರು ಕೊಡಿ. ಮರುದಿನ, 9 ಅಡಿಗೊಂದರಂತೆ ಅಡ್ಡಲಾಗಿ, 1 ಇಂಚು ಆಳಕ್ಕೆ ಗೆರೆ ಕೊಯ್ಸಿ. ಸೀಳು ಬಂದರೂ ಆ ಗೆರೆಯಲ್ಲೇ ಬರುತ್ತದೆ.

ಏಪ್ರಿಲ್-ಮೇನಲ್ಲಿ ಕಾಂಕ್ರೀಟು ಹಾಕುವುದಾದರೆ ಸಂಜೆ ಐದರ ಮೇಲೆ ಹಾಕಿಸಿ. ಹಗಲಲ್ಲಿ ಹಾಕಿದ್ದರ ಮೇಲ್ಮೈ ಕೆಳಭಾಗ ಗಟ್ಟಿಯಾಗುವ ಮೊದಲೇ ಒಣಗಿ, ಕೂದಲೆಳೆಯಂಥ ಬಿರುಕುಗಳು ತುಂಬುತ್ತವೆ. ಗೋಣಿಚೀಲ ಹಾಸಿ ಹತ್ತು ದಿನ ನೀರು ಹಿಡಿಯಿರಿ, ಗೋಣಿಚೀಲ ಒಮ್ಮೆಯೂ ಒಣಗಬಾರದು. ಸೂರಿನ ನೀರು, ಕೂಲರ್ ನೀರು, ಗಿಡದ ಪಾತಿ ಯಾವುದೂ ಶೆಡ್ಡಿನ ಗೋಡೆಯಿಂದ ಐದು ಅಡಿಯೊಳಗೆ ಇರದಂತೆ ನೋಡಿಕೊಳ್ಳಿ. ಗರಸು ತುಂಬಿಸಿಯೂ ಬಿರುಕು ಬಿಟ್ಟ ಕಡೆ ಮೊದಲು ಹುಡುಕಬೇಕಾದದ್ದು ಹೀಗೆ ಇಂಗುವ ನೀರನ್ನೇ.

ಕಾಂಕ್ರೀಟಿನ ಮೇಲೆ ಶಹಾಬಾದ್ ಪರಸಿ ಹಾಸುವ ರೂಢಿ ನಮ್ಮ ಕಡೆ ಇದೆ. ನಡೆಯಲಿಕ್ಕೆ ತಂಪು, ಹೌದು. ಆದರೆ ಕಬ್ಬಿಣದ ತುಂಡು ಬಿದ್ದರೆ ತೆಳು ಕಲ್ಲು ಒಡೆಯುತ್ತದೆ, ಎಣ್ಣೆ ಬಿದ್ದರೆ ಕಲೆ ಹೋಗುವುದಿಲ್ಲ. ಬೆಂಚಿನ ಮುಂದೆ ಬರೀ ಕಾಂಕ್ರೀಟಿನ ಮೇಲೆ ದಪ್ಪ ರಬ್ಬರ್ ಚಾಪೆ ಹಾಕುವುದು ಮೇಲು. ಅರವತ್ತು ದಾಟಿದ ಮಂಡಿಗೆ ಅದರ ಬೆಲೆ ಒಂದೇ ತಾಸಿನಲ್ಲಿ ತಿಳಿಯುತ್ತದೆ.

ಸೂರು, ಗಾಳಿ, ಧೂಳು

ತಗಡಿನ ಸೂರಿನ ಕೆಳಗೆ ಮೇ ತಿಂಗಳ ಮಧ್ಯಾಹ್ನ ನಿಲ್ಲಲಾಗದು. ಕಡಿಮೆ ಖರ್ಚಿನ ಪರಿಹಾರ ತಗಡಿನ ಮೇಲೆ ಬಿಸಿಲನ್ನು ಹಿಂದೆ ತಳ್ಳುವ ಬಿಳಿ ಬಣ್ಣ, ಎರಡು ಕೋಟು. ಧೂಳು ಕೂತಂತೆ ಅದರ ಗುಣ ಕಡಿಮೆಯಾಗುತ್ತದೆ, ಆದ್ದರಿಂದ ಪ್ರತಿ ಫೆಬ್ರುವರಿಯಲ್ಲಿ ತೊಳೆಯಬೇಕು. ಒಳಗಡೆ ಸೂರಿಗೂ ಫಾಲ್ಸ್ ಸೀಲಿಂಗಿಗೂ ನಡುವೆ ಅರ್ಧ ಅಡಿಯಾದರೂ ಜಾಗ ಬಿಟ್ಟು, ಎರಡೂ ತುದಿಯಲ್ಲಿ ಗಾಳಿ ಹೊರಹೋಗಲು ದಾರಿ ಇಡಿ. ದಾರಿ ಮುಚ್ಚಿದರೆ ಬಿಸಿ ಅಲ್ಲೇ ನಿಂತು ರಾತ್ರಿಯೆಲ್ಲ ಕೆಳಗಿಳಿಯುತ್ತದೆ. 12 ಇಂಚಿನ ಎಕ್ಸಾಸ್ಟ್ ಫ್ಯಾನು ಗೋಡೆಯ ತುದಿಯಲ್ಲಿರಲಿ, ಗಾಳಿ ಒಳಬರುವ ಕಿಂಡಿ ಎದುರಿನ ಗೋಡೆಯ ಕೆಳಭಾಗದಲ್ಲಿರಲಿ.

ಹಳೆಯ ಸಿಮೆಂಟ್ ಶೀಟಿನ ಸೂರಾದರೆ ಒಂದು ಎಚ್ಚರಿಕೆ. ಅದರಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಅದಕ್ಕೆ ತೂತು ಹಾಕಬೇಡಿ, ಕಟರ್ ಹಚ್ಚಬೇಡಿ, ಒಡೆದ ಚೂರನ್ನು ಒಣಗಿದ್ದಾಗ ಗುಡಿಸಬೇಡಿ. ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ.

ಡೆಸರ್ಟ್ ಕೂಲರ್ ನಮ್ಮ ಒಣ ಬೇಸಿಗೆಗೆ ಚೆನ್ನಾಗಿ ಹೊಂದುತ್ತದೆ, ಮನುಷ್ಯರಿಗೆ. ಉಳಿ, ಗರಗಸ, ಡ್ರಿಲ್ ಬಿಟ್‌ಗಳಿಗೆ ಅದೇ ಶತ್ರು. ಇಲ್ಲಿ ಮಳೆಗಾಲಕ್ಕಿಂತ ಬೇಸಿಗೆಯಲ್ಲಿ ತುಕ್ಕು ಕಂಡರೆ ಕಾರಣ ಕೂಲರೇ. ಕೂಲರ್ ಗಾಳಿ ನಿಮ್ಮ ಮೇಲೆ ಬರಲಿ, ಸಾಮಾನಿನ ಕಪಾಟಿನ ಕಡೆ ತಿರುಗದಿರಲಿ. ಕೆಲಸ ಮುಗಿದ ಮೇಲೆ ಪಂಪ್ ಆರಿಸಿ ಕಾಲು ತಾಸು ಬರೀ ಫ್ಯಾನ್ ಓಡಿಸಿ.

ಇಲ್ಲಿನ ಧೂಳಿಗೆ, ಸಾಮಾನನ್ನು ಗೋಡೆಯ ಹಲಗೆಗೆ ತೂಗುಹಾಕುವುದು ಆಗುವುದಿಲ್ಲ. ಚಿತ್ರದಲ್ಲಿ ಚೆಂದ ಕಾಣುವ ಆ ವ್ಯವಸ್ಥೆ ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಧೂಳಿನಲ್ಲಾಗಲಿ, ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿಯಲ್ಲಾಗಲಿ ಹದಿನೈದು ದಿನಕ್ಕೇ ಕೆಂಪೋ ಬೂದೋ ಬಣ್ಣಕ್ಕೆ ತಿರುಗುತ್ತದೆ. ಬಾಗಿಲಿರುವ ಕಬ್ಬಿಣದ ಕಪಾಟು, ಬಾಗಿಲಂಚಿಗೆ ಸ್ಪಂಜಿನ ಪಟ್ಟಿ, ಇದೇ ಸರಿ. ಶಟರಿನ ಕೆಳಗಂಚಿಗೆ ರಬ್ಬರ್ ಪಟ್ಟಿ ಹೊಡೆಸಿ. ಅದು ಧೂಳಿಗಷ್ಟೇ ಅಲ್ಲ, ಚೇಳಿಗೂ ಅಡ್ಡಿ. ಆದರೂ ನೆಲದ ಮೇಲಿಟ್ಟ ಗ್ಲೋಸು, ಬೂಟು ಕೊಡವದೆ ಹಾಕಬಾರದು.

ಕರೆಂಟು

ಮನೆಯ ಬೋರ್ಡಿನಿಂದ ಎಕ್ಸ್‌ಟೆನ್ಶನ್ ವೈರ್ ಎಳೆದು ಕೆಲಸ ಮಾಡುವುದು ಬೇಡ. ಪರವಾನಗಿ ಇರುವ ಗುತ್ತಿಗೆದಾರರಿಂದ ಶೆಡ್ಡಿಗೆ ಪ್ರತ್ಯೇಕ ಲೈನ್ ಎಳೆಸಿ. ಸಾಕೆಟ್‌ಗಳಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು, 20 ಆಂಪಿಯರ್‌ನ ಸಿ ಬಗೆಯ ಎಂಸಿಬಿ (ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್), ಅದಕ್ಕೂ ಮುಂಚೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್). ಬೆಂಚಿನ ಮೇಲೆ 16 ಆಂಪಿಯರ್ ಸಾಕೆಟ್ ಎರಡು, 6 ಆಂಪಿಯರ್‌ನವು ನಾಲ್ಕು. ಲೈಟಿಗೆ ಬೇರೆಯದೇ ಎಂಸಿಬಿ, 1.5 ಚದರ ಮಿಲಿಮೀಟರ್ ವೈರು. ಕಾರಣ ಸರಳ: ಕಟರ್ ಸಿಕ್ಕಿಕೊಂಡು ಎಂಸಿಬಿ ಬಿದ್ದಾಗ ಬ್ಲೇಡ್ ಇನ್ನೂ ತಿರುಗುತ್ತಿರುತ್ತದೆ, ಆ ಹೊತ್ತಿಗೆ ಕತ್ತಲಾಗಬಾರದು. ದೊಡ್ಡ ಮಷಿನ್ ತರುವ ಯೋಚನೆ ಇದ್ದರೆ ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ, ಸಾಲದಿದ್ದರೆ ಮೊದಲೇ ಅರ್ಜಿ ಹಾಕಿ.

ಅರ್ಥಿಂಗ್ ವಿಷಯದಲ್ಲಿ ನಮ್ಮ ಭಾಗದ ತೊಂದರೆ ಬೇರೆಯೇ. ಒಣ ನೆಲ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಅಳೆದಾಗ ಸರಿ ಇದ್ದ ಅರ್ಥಿಂಗ್ ಗುಂಡಿ ಏಪ್ರಿಲ್‌ನಲ್ಲಿ ಕೈಕೊಡುತ್ತದೆ. ಅಳತೆಯನ್ನು ಬೇಸಿಗೆಯಲ್ಲೇ ಮಾಡಿಸಿ, 5 ಓಮ್‌ಗಿಂತ ಕಡಿಮೆ ಇರಲಿ. ಮಾರ್ಚಿನಿಂದ ಮಳೆ ಬರುವವರೆಗೆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಕರೆಂಟ್ ಹೋದ ಕೂಡಲೇ ಮಷಿನ್ನಿನ ಸ್ವಿಚ್ ಆರಿಸುವುದು ಕೈಗೆ ರೂಢಿಯಾಗಬೇಕು. ಇಲ್ಲದಿದ್ದರೆ ನೀವು ಚಹಾ ಕುಡಿಯುತ್ತಿರುವಾಗ ಕರೆಂಟ್ ಮರಳಿ ಅದು ತಾನೇ ಶುರುವಾಗುತ್ತದೆ. ಬೆಂಚ್ ಡ್ರಿಲ್, ಬೆಂಚ್ ಗ್ರೈಂಡರಿಗೆ ಡಿಒಎಲ್ ಸ್ಟಾರ್ಟರ್ (ಗುಂಡಿ ಒತ್ತದೆ ಮತ್ತೆ ಶುರುವಾಗಲು ಬಿಡದ ಸ್ವಿಚ್) ಹಾಕಿಸಿದರೆ ಆ ಚಿಂತೆ ತಪ್ಪುತ್ತದೆ. ವೋಲ್ಟೇಜು 200ಕ್ಕಿಂತ ಕೆಳಗಿದ್ದಾಗ ಇಂಡಕ್ಷನ್ ಮೋಟರ್ ಓಡಿಸಬೇಡಿ. ಅದು ಹೆಚ್ಚು ಕರೆಂಟ್ ಎಳೆದು, ಬಿಸಿಯಾಗಿ, ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ನೂರು ರೂಪಾಯಿ ಆಸುಪಾಸಿನ ಡಿಜಿಟಲ್ ವೋಲ್ಟ್‌ಮೀಟರ್ ಬೋರ್ಡಿನ ಮೇಲೆ ಕೂರಿಸಿದರೆ ಮೋಟರ್ ಉಳಿಯುತ್ತದೆ.

ಬೆಳಕಿಗೆ 4 ಅಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬು ಎರಡು. ನಿಮ್ಮ ಬೆನ್ನ ಹಿಂದೆ ಬೇಡ, ಬೆಂಚಿನ ಮುಂದಂಚಿನ ನೇರಕ್ಕೆ ಮೇಲಿರಲಿ, ಇಲ್ಲದಿದ್ದರೆ ನಿಮ್ಮ ತಲೆಯ ನೆರಳಲ್ಲೇ ಕೊಯ್ಯಬೇಕಾಗುತ್ತದೆ. ಜೊತೆಗೆ ಬಾಗಿಸುವ ಕತ್ತಿನ ದೀಪ ಒಂದು.

ಬೆಂಚು

ಎತ್ತರ ನಿಮ್ಮ ಮೈಗೆ ತಕ್ಕಂತಿರಬೇಕು. ಚಪ್ಪಲಿ ಹಾಕಿ ನೆಟ್ಟಗೆ ನಿಂತು, ಮೊಣಕೈ ಮಡಿಸಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಲ್ಲಿ 10ರಿಂದ 15 ಸೆಂಟಿಮೀಟರ್ ಕಳೆಯಿರಿ. ಐದೂವರೆ ಅಡಿಯವರಿಗೆ 90 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಅದರ ಮೇಲೆ 5 ಇಂಚಿನ ವೈಸ್ (ತುಂಡನ್ನು ಬಿಗಿಹಿಡಿಯುವ ಸಾಧನ) ಕೂರಿಸಿದರೆ ಅದರ ದವಡೆ ಮೊಣಕೈ ಮಟ್ಟಕ್ಕೆ ನಿಲ್ಲುತ್ತದೆ, ಅರ ಉಜ್ಜಲು ಅದೇ ಸರಿಯಾದ ಎತ್ತರ. ವೈಸ್ ಬೆಂಚಿನ ಕಾಲಿನ ನೇರಕ್ಕೇ ಬರಲಿ. ನಡುವೆ ಕೂರಿಸಿದರೆ ಪ್ರತಿ ಏಟಿಗೂ ಹಲಗೆ ಜಿಗಿಯುತ್ತದೆ.

8 ಅಡಿಗೆ 4 ಅಡಿಯ, 18 ಮಿಲಿಮೀಟರ್‌ನ ಒಂದೇ ಪ್ಲೈವುಡ್ ಶೀಟಿನಲ್ಲಿ 6 ಅಡಿಗೆ 2 ಅಡಿಯ ಎರಡು ತುಂಡು ಬರುತ್ತವೆ. ಎರಡನ್ನೂ ಅಂಟಿಸಿ, ಕೆಳಗಿನಿಂದ ಸ್ಕ್ರೂ ಹೊಡೆದರೆ 36 ಮಿಲಿಮೀಟರ್ ದಪ್ಪದ ಮೇಲ್ಹಾಸು ಸಿದ್ಧ. ಉಳಿದ 2 ಅಡಿಯ ಎರಡು ಚೌಕ ಕೆಳಗಿನ ಅಟ್ಟಕ್ಕಾಗುತ್ತವೆ. ಮೇಲೆ 6 ಮಿಲಿಮೀಟರ್ ಹಾರ್ಡ್‌ಬೋರ್ಡ್ ಬರೀ ಸ್ಕ್ರೂ ಹಾಕಿ ಕೂರಿಸಿ, ಹಾಳಾದಾಗ ಅದೊಂದನ್ನೇ ಬದಲಿಸಬಹುದು. ಚೌಕಟ್ಟಿಗೆ 40 ಮಿಲಿಮೀಟರ್ ಚೌಕ ಪೈಪು, 2 ಮಿಲಿಮೀಟರ್ ದಪ್ಪದ್ದು, 20 ಅಡಿಯ ಮೂರು ಉದ್ದ. ಎರಡಕ್ಕೆ ಸ್ವಲ್ಪದರಲ್ಲಿ ಸಾಲುವುದಿಲ್ಲ, ಮೂರನೆಯದರಲ್ಲಿ ಉಳಿದದ್ದು ಗೋಡೆಯ ಬ್ರಾಕೆಟ್ಟಿಗೆ ಬರುತ್ತದೆ. ಚೌಕಟ್ಟಿನ ಎತ್ತರ 84 ಸೆಂಟಿಮೀಟರ್, ಕಾಲಡಿಗೆ ತಿರುಗಿಸುವ 12 ಮಿಲಿಮೀಟರ್ ಬೋಲ್ಟು. ನೆಲಕ್ಕೆ ಇಳಿಜಾರು ಕೊಟ್ಟಿದ್ದೀರಲ್ಲ, ಮಟ್ಟ ಮಾಡುವುದು ಇದರಿಂದಲೇ. ವೆಲ್ಡಿಂಗ್ ಅಂಗಡಿಯವರಿಗೆ ಮೊದಲು ಎಲ್ಲ ಮೂಲೆಗೂ ಚುಕ್ಕೆ ಬೆಸುಗೆ ಹಾಕಲು ಹೇಳಿ, ಎರಡೂ ಕರ್ಣ ಅಳೆದು ಸಮ ಬಂದ ಮೇಲೆ ಪೂರ್ತಿ ಬೆಸೆಯಲಿ. ಕಬ್ಬಿಣದ ಕಾಲೇ ಯಾಕೆಂದರೆ ಗೆದ್ದಲು. ಬೆಂಚು, ಕಪಾಟು, ಮರದ ರಾಶಿ ಎಲ್ಲವೂ ಗೋಡೆಯಿಂದ ನಾಲ್ಕು ಬೆರಳು ದೂರವಿರಲಿ, ಗೆದ್ದಲಿನ ಮಣ್ಣಿನ ಗೆರೆ ಆಗ ಕಣ್ಣಿಗೆ ಬೀಳುತ್ತದೆ.

ಜೊತೆಗೆ ಬಂದ ಹಳೆಯ ಸಾಮಾನು

ಕರಾವಳಿ, ಮಲೆನಾಡಿನಿಂದ ಬಂದ ಸುತ್ತಿಗೆಯ ತಲೆ ಇಲ್ಲಿನ ಮೊದಲ ಬೇಸಿಗೆಯಲ್ಲೇ ಸಡಿಲವಾಗುತ್ತದೆ. ಅಲ್ಲಿ ತೇವ ಹೀರಿಕೊಂಡಿದ್ದ ಹಿಡಿ ಇಲ್ಲಿ ಒಣಗಿ ಕುಗ್ಗಿರುತ್ತದೆ. ನೀರಲ್ಲಿ ನೆನೆಹಾಕಿದರೆ ಎರಡು ದಿನ ಬಿಗಿಯಾಗಿರುತ್ತದೆ, ಆಮೇಲೆ ಮೊದಲಿಗಿಂತ ಸಡಿಲ, ಯಾಕೆಂದರೆ ಉಬ್ಬಿದಾಗ ಕಬ್ಬಿಣದ ಕಣ್ಣಿಗೆ ಒತ್ತಿ ಮರದ ಎಳೆ ನಜ್ಜಾಗಿರುತ್ತದೆ. ಹಿಡಿಯ ಬುಡವನ್ನು ಕಲ್ಲಿನ ಮೇಲೆ ಕುಟ್ಟಿ ತಲೆಯನ್ನು ಕೆಳಕ್ಕೆ ಕೂರಿಸಿ, ಹೊಸ ಬೆಣೆ ಹೊಡೆದು, ಅಗಸೆ ಎಣ್ಣೆ ಸವರಿ. ಹೊಸ ಹಿಡಿಗೆ ಚೆನ್ನಾಗಿ ಒಣಗಿದ ಬಳ್ಳಾರಿ ಜಾಲಿ ಬಹಳ ಒಳ್ಳೆಯದು: ಗಟ್ಟಿ ಮರ, ದುಡ್ಡೂ ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ.

ಸಾಮಿಲ್‌ನಿಂದ ತಂದ ಮರವೂ ಹಾಗೆಯೇ. ನಡುವೆ ಪಟ್ಟಿ ಇಟ್ಟು ಶೆಡ್ಡಿನೊಳಗೆ ಮೂರು-ನಾಲ್ಕು ವಾರ ಪೇರಿಸಿಡಿ, ಆಮೇಲೆ ಅಳತೆಗೆ ಕೊಯ್ಯಿರಿ. ಅವಸರ ಮಾಡಿದರೆ ಬಾಗಿಲ ಹಲಗೆಗಳ ನಡುವೆ ಬೆಳಕು ಕಾಣುವಷ್ಟು ಸಂದು ಬೀಳುತ್ತದೆ. ಫೆವಿಕಾಲ್ ಹಚ್ಚುವ ಕೆಲಸ ಬೆಳಗ್ಗೆ ಎಂಟರೊಳಗೆ ಮುಗಿಯಲಿ, ಮಧ್ಯಾಹ್ನದ ಶಾಖಕ್ಕೆ ಕ್ಲಾಂಪ್ ಬಿಗಿಯುವ ಮೊದಲೇ ಪೊರೆ ಕಟ್ಟುತ್ತದೆ.

ಥಿನ್ನರ್, ಪೆಟ್ರೋಲ್ ತಗಡಿನ ಸೂರಿನಡಿ ಇಡುವಂತಿಲ್ಲ. ಕಾರ್ಡ್‌ಲೆಸ್ ಡ್ರಿಲ್ಲಿನ ಲಿಥಿಯಂ ಬ್ಯಾಟರಿಯನ್ನು ಮನೆಯೊಳಗೆ ಇಟ್ಟು ಅಲ್ಲೇ ಚಾರ್ಜ್ ಮಾಡಿ, 40 ಡಿಗ್ರಿ ಮೇಲೆ ಚಾರ್ಜ್ ಮಾಡಿದರೆ ಬೇಗ ಸಾಯುತ್ತದೆ.

ವಯಸ್ಸಿಗೆ ತಕ್ಕ ಎಚ್ಚರ

ಭಾರದ ಸಾಮಾನು ಸೊಂಟಕ್ಕೂ ಎದೆಗೂ ನಡುವಿನ ಅಟ್ಟದಲ್ಲಿರಲಿ. ಸಕ್ಕರೆ ಕಾಯಿಲೆ ಇದ್ದವರು ಮುಚ್ಚಿದ ಬೂಟಿಲ್ಲದೆ ಶೆಡ್ಡಿಗೆ ಕಾಲಿಡಬಾರದು. ಅಂಗಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಕಬ್ಬಿಣದ ಸಿಬಿರು ಚುಚ್ಚಿದ್ದು ಗಾಯ ಕೊಳೆತ ಮೇಲೇ ತಿಳಿಯುವುದು. ಪೇಸ್‌ಮೇಕರ್ ಇದ್ದವರು ಆರ್ಕ್ ವೆಲ್ಡಿಂಗ್ ಮುಟ್ಟುವ ಮೊದಲು ಹೃದಯದ ಡಾಕ್ಟರನ್ನು ಕೇಳಲೇಬೇಕು. ಏಪ್ರಿಲ್, ಮೇನಲ್ಲಿ ಬೆಳಗ್ಗೆ ಹತ್ತು ಗಂಟೆಗೇ ಕೆಲಸ ನಿಲ್ಲಿಸಿ ಶಟರ್ ಎಳೆಯಿರಿ. ಫೋನು ಜೇಬಿನಲ್ಲಿರಲಿ. 4 ಕೆ.ಜಿ.ಯ ಎಬಿಸಿ ಅಗ್ನಿಶಾಮಕ ಬಾಗಿಲ ಪಕ್ಕದಲ್ಲಿರಲಿ. ಬೆಂಚಿನ ಹಿಂದೆ ಇಟ್ಟರೆ ಬೆಂಕಿ ದಾಟಿ ಹೋಗಿ ತರಬೇಕಾಗುತ್ತದೆ.

ಇಷ್ಟಾದ ಮೇಲೆ ಖರೀದಿ. ಮೊದಲು ವೈಸ್, 13 ಮಿಲಿಮೀಟರ್ ಡ್ರಿಲ್, 4 ಇಂಚಿನ ಗ್ರೈಂಡರ್, ಒಳ್ಳೆಯ ಕನ್ನಡಕ. ಗ್ರೈಂಡರಿನ ಗಾರ್ಡ್ ಬಿಚ್ಚಿ ದೊಡ್ಡ ಡಿಸ್ಕ್ ಹಾಕುವ ಚಟ ಬೇಡವೇ ಬೇಡ. ಡಿಸ್ಕ್ ಮೇಲೆ ಬರೆದ ಆರ್‌ಪಿಎಂ ಮಷಿನ್ನಿನ ಆರ್‌ಪಿಎಂಗಿಂತ ಹೆಚ್ಚಿರಬೇಕು. 6 ಇಂಚಿನ ಬೆಂಚ್ ಗ್ರೈಂಡರ್ ಕೊಂಡರೆ ಕಲ್ಲನ್ನು ಕೂರಿಸುವ ಮೊದಲು ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಸದ್ದು ಬಂದರೆ ಸರಿ, ಮಂಕು ಸದ್ದು ಬಂದರೆ ಒಳಗೆ ಬಿರುಕಿದೆ, ಅಂಗಡಿಗೆ ವಾಪಸ್ ಕೊಡಿ. ಕಲ್ಲಿಗೂ ಆಧಾರದ ಪಟ್ಟಿಗೂ ನಡುವೆ 3 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಬಿಡಬೇಡಿ, ಕಲ್ಲು ಸವೆದಂತೆ ಪಟ್ಟಿಯನ್ನು ಮುಂದಕ್ಕೆ ಸರಿಸುತ್ತಿರಿ.