ತಿಂದ ಕಬ್ಬಿಣ ಮೈಗೆ ಹತ್ತಬೇಕಲ್ಲ

ಎರಡನೇ ಮಹಡಿ ಹತ್ತುವಷ್ಟರಲ್ಲಿ ಎದೆ ಡವಡವ ಅನ್ನುತ್ತಿತ್ತು. ಕೆಲಸ ಜಾಸ್ತಿಯಾಗಿದೆ, ಅದಕ್ಕೇ ಸುಸ್ತು ಅಂದುಕೊಂಡು ಸುಮ್ನಿದ್ದೆ. ಆಮೇಲೆ ಕೂದಲು ಉದುರೋದು ಶುರುವಾಯಿತು. ಮಧ್ಯಾಹ್ನ ಮೂರಾದರೆ ಸಾಕು, ಕಣ್ಣು ಎಳೆಯುತ್ತಿತ್ತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9.6 ಬಂತು. ಗರ್ಭಿಣಿಯಲ್ಲದ ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹದಲ್ಲಿ ಕಬ್ಬಿಣ ಎಷ್ಟು ಉಳಿತಾಯವಾಗಿದೆ ಅಂತ ತೋರಿಸುವ ಫೆರಿಟಿನ್ ಕೂಡ ತಳ ಕಂಡಿತ್ತು.

ನನಗೆ ಅರ್ಥವಾಗದ್ದು ಒಂದೇ. ಸೊಪ್ಪು, ಕಾಳು, ಬೇಳೆ ನಾನು ದಿನಾ ತಿನ್ನುತ್ತಿದ್ದೆ. ಡಾಕ್ಟರಿಗೆ ಅದನ್ನೇ ಹೇಳಿದೆ. ಅವರು ಮೊದಲು ಮುಟ್ಟಿನ ಬಗ್ಗೆ ವಿಚಾರಿಸಿದರು, ರಕ್ತ ಎಷ್ಟು ದಿನ ಹೋಗುತ್ತೆ, ಎಷ್ಟು ಹೋಗುತ್ತೆ ಅಂತ. ನನಗೆ ಅದು ಜಾಸ್ತಿಯೇ ಇತ್ತು. ಅದಕ್ಕೆ ಬೇರೆ ಚಿಕಿತ್ಸೆ ಶುರುವಾಯಿತು. ಆಮೇಲೆ ಕೇಳಿದರು:

"ಟೀ ಯಾವಾಗ ಕುಡೀತೀರಮ್ಮ?"

"ತಿಂಡಿ ಜೊತೆ. ಊಟ ಆದ ತಕ್ಷಣ ಇನ್ನೊಂದು ಲೋಟ."

"ಹಾಗಾದ್ರೆ ತಿಂದಿದ್ದು ಮೈಗೆ ಹತ್ತೋದು ಹೇಗೆ?"

ಮಾಂಸ, ಮೀನಿನಲ್ಲಿರುವ ಕಬ್ಬಿಣದಲ್ಲಿ ಒಂದು ಭಾಗವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳಿನದ್ದು ಹಾಗಲ್ಲ. ಜೊತೆಗೆ ಏನು ಹೋಗುತ್ತೆ ಅನ್ನೋದರ ಮೇಲೆ ಅದು ಹತ್ತುವುದೋ ಬಿಡುವುದೋ ನಿರ್ಧಾರವಾಗುತ್ತದೆ. ಟೀಯಲ್ಲಿ ಒಗರು ಇರುತ್ತಲ್ವಾ, ನಾಲಿಗೆಯನ್ನು ಹಿಡಿದಂತೆ ಮಾಡುವುದು? ಆ ಒಗರಿನ ಅಂಶ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತದೆ, ಕರುಳಿಗೆ ಬಿಟ್ಟುಕೊಡುವುದಿಲ್ಲ.

ಕೇಳಿದಾಗ ಪೂರ್ತಿ ನಂಬಿಕೆ ಬರಲಿಲ್ಲ. ಒಂದು ದಿನ ಮಿಕ್ಕಿದ್ದ ಕಡು ಟೀಯನ್ನು, ಹಾಲು ಹಾಕದ್ದು, ಕಬ್ಬಿಣದ ಬಾಣಲೆಗೆ ಸುರಿದು ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕೆಂಪಗಿದ್ದ ಟೀ ಶಾಯಿಯ ಹಾಗೆ ಕಪ್ಪಾಗಿತ್ತು. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನು ಇದೇ ರೀತಿ, ಒಗರು ಕಾಯಿ ಮತ್ತು ಕಬ್ಬಿಣದ ಉಪ್ಪು ಸೇರಿಸಿ ಮಾಡುತ್ತಿದ್ದರಂತೆ. ಆ ಬಾಣಲೆ ನೋಡಿದ ದಿನವೇ ಊಟದ ಬೆನ್ನಿಗೆ ಟೀ ಕುಡಿಯೋದು ಬಿಟ್ಟೆ. ಟೀ ಬಿಡಲಿಲ್ಲ, ಊಟಕ್ಕೂ ಟೀಗೂ ನಡುವೆ ಕನಿಷ್ಠ ಒಂದು ಗಂಟೆ ಬಿಡುತ್ತೇನೆ ಅಷ್ಟೇ. ಕಾಫಿಗೂ ಇದೇ ಲೆಕ್ಕ. ಮೊದಲ ವಾರ ತಲೆ ಹಿಡಿದ ಹಾಗಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಎರಡನೇ ಬದಲಾವಣೆ ನಿಂಬೆಹಣ್ಣು. ಅದರಲ್ಲಿರುವ ವಿಟಮಿನ್ ಸಿ ಸೊಪ್ಪು ಕಾಳಿನ ಕಬ್ಬಿಣವನ್ನು ಕರುಳು ಹೀರುವ ರೂಪಕ್ಕೆ ತರುತ್ತದೆ. ಆದರೆ ಬಿಸಿ ತಾಗಿದರೆ ವಿಟಮಿನ್ ಸಿ ಹಾಳಾಗುತ್ತದೆ. ನಾನು ಮೊದಲು ಕುದಿಯುವ ಬೇಳೆಗೇ ಹಿಂಡುತ್ತಿದ್ದೆ. ಈಗ ಒಲೆ ಆರಿಸಿ, ತಟ್ಟೆಗೆ ಬಡಿಸಿ, ಉಗುರುಬೆಚ್ಚಗಾದ ಮೇಲೆ ಅರ್ಧ ಹೋಳು ಹಿಂಡುತ್ತೇನೆ. ನಿಂಬೆ ಇಲ್ಲದ ದಿನ ಊಟದ ಜೊತೆಗೇ ಸೀಬೆ ಅಥವಾ ಕಿತ್ತಳೆ ತಿನ್ನುತ್ತೇನೆ. ಸೀಬೆಯಲ್ಲಂತೂ ಕಿತ್ತಳೆಗಿಂತ ಎಷ್ಟೋ ಪಟ್ಟು ವಿಟಮಿನ್ ಸಿ ಇದೆ.

ಕಾಳನ್ನು ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸುತ್ತೇನೆ. ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಇದರಿಂದ ಕಡಿಮೆಯಾಗುತ್ತದೆ. ಟೊಮೆಟೊದಂಥ ಹುಳಿ ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲೇ ಮಾಡುತ್ತೇನೆ, ಹುಳಿಗೆ ಬಾಣಲೆಯ ಕಬ್ಬಿಣ ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಪಾಲಕ್ ಮೇಲೆ ಇಟ್ಟಿದ್ದ ಅತಿ ನಂಬಿಕೆ ಮಾತ್ರ ಕಡಿಮೆ ಮಾಡಿಕೊಂಡೆ. ಅದರಲ್ಲಿ ಕಬ್ಬಿಣ ಇರುವುದು ನಿಜ, ಆದರೆ ಹೀರಿಕೊಳ್ಳುವುದು ತೀರಾ ಸ್ವಲ್ಪ.

ಒಂದು ಮಾತು ಮುಚ್ಚಿಡಬಾರದು. ಬರೀ ಊಟದಿಂದ ನನ್ನ 9.6 ಮೇಲೇರಲಿಲ್ಲ. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ್ದೇನೆ. ಅಷ್ಟು ಕಡಿಮೆಯಿದ್ದಾಗ ನಿಂಬೆಹಣ್ಣನ್ನೇ ನಂಬಿ ಕೂರಬೇಡಿ, ದಯವಿಟ್ಟು. ಹಾಗೇ ಪರೀಕ್ಷೆ ಮಾಡಿಸದೆ ಮಾತ್ರೆ ತಂದು ನುಂಗಲೂ ಬೇಡಿ. ಕಬ್ಬಿಣ ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು ಬೀಳುತ್ತದೆ.

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸುವ ಆಸೆ ಬಿಟ್ಟು ಕಾದೆ. ನಾಲ್ಕು ತಿಂಗಳಿಗೆ 12.3 ಬಂತು. ಫೆರಿಟಿನ್ ಸರಿಹೋಗಲು ಇನ್ನೂ ಕೆಲವು ತಿಂಗಳು ಹಿಡಿಯಿತು, ಅಲ್ಲಿಯವರೆಗೂ ಡಾಕ್ಟರು ಮಾತ್ರೆ ನಿಲ್ಲಿಸಲಿಲ್ಲ. ಮಾತ್ರೆ ನಿಲ್ಲಿಸಿ ಈಗ ಒಂದು ವರ್ಷ. ಹೋದ ತಿಂಗಳು ಮತ್ತೆ ನೋಡಿಸಿದೆ, 12.5 ಇದೆ. ತಿಂಡಿ ಎಂಟೂವರೆಗೆ, ಟೀ ಹತ್ತಕ್ಕೆ.